ಸಂಕದ ಈಚೆಯಿಂದ ಮಗಳಿಗೊಂದು ಪತ್ರ

ಶಿರಸಿ

ಪ್ರೀತಿಯ ಕೂಸೇ,

ಮೊನ್ನೆ ನೀನು "ಅಪ್ಪಾ, ನೀನೇ ರಾಜಕೀಯ ಬಿಟ್ಟು ಧಾರವಾಡಕ್ಕೆ ಓಡಿಹೋದವ, ನನಗೆ ಬುದ್ಧಿ ಹೇಳಬೇಡ" ಅಂತ ಫೋನ್ ಇಟ್ಟುಬಿಟ್ಟೆ. ಕಾಲೇಜಿನ ಕೆಲಸ ಬಿಟ್ಟು ಪಂಚಾಯ್ತಿ ಚುನಾವಣೆಗೆ ನಿಲ್ಲುತ್ತೇನೆ ಅಂದರೆ ಯಾವ ಅಪ್ಪ ಸುಮ್ನಿರ್ತಾನೆ? ನಾನೂ ಜಾಸ್ತಿಯೇ ಕೂಗಿದೆ. ಅವತ್ತಿನಿಂದ ಆಯಿ ನನ್ನ ಜತೆ ಮಾತು ಬಿಟ್ಟಿದ್ದಾಳೆ.

ಆದರೆ ಓಡಿಹೋದದ್ದು ನಿಜ.

1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತಿಗೆ (ಈಗಿನ ಜಿಲ್ಲಾ ಪಂಚಾಯ್ತಿ) ಗೆದ್ದ ಕಥೆ ನಿನಗೆ ಬಾಯಿಪಾಠ, ಬಿಡು. ಸಿದ್ದಾಪುರದ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ, ನಜೀರ್ ಸಾಬರು ಪಂಚಾಯತ್ ಮಂತ್ರಿ. ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ಬೇರೆ. ಕಾರವಾರದ ಸಭೆಗೆ ದೇವಿಮನೆ ಘಟ್ಟ ಇಳಿಯುವಾಗ ಬಸ್ಸಿನಲ್ಲಿ ನಾನೂ ಅರ್ಧ ಮಂತ್ರಿಯ ಹಾಗೇ ಕೂರುತ್ತಿದ್ದೆ.

ನಿನಗೆ ಹೇಳದೆ ಬಿಟ್ಟದ್ದು ಸಂಕದ ವಿಷಯ.

ಕಾಡಿನಂಚಿಗೆ ಒಂದು ಕೇರಿ, ಒಂಬತ್ತು ಮನೆ. ನಡುವೆ ಹಳ್ಳ. ಮಳೆಗಾಲದಲ್ಲಿ ದಾಟೋಕೆ ಅಡಿಕೆಮರದ ಎರಡು ದಬ್ಬೆ, ಹಿಡಿಯೋಕೆ ಒಂದು ಬಿದಿರಗಳ. ಅದೇ ಸಂಕ. ಪ್ರಚಾರಕ್ಕೆ ಹೋದಾಗ ಗಟ್ಟಿ ಕಾಲುಸಂಕ ಮಾಡಿಸಿಕೊಡ್ತೇನೆ ಅಂದಿದ್ದೆ. ಎಸ್ಟಿಮೇಟೂ ಆಯ್ತು. ಆದರೆ ಆ ವರ್ಷದ ದುಡ್ಡು ಒಂದೇ ಕೆಲಸಕ್ಕೆ ಸಾಕಾಗುವಷ್ಟಿತ್ತು. ನನಗೆ ಓಟು ತಂದುಕೊಟ್ಟವರ ತೋಟದ ಕಡೆಗೊಂದು ರಸ್ತೆಯೂ ಪಟ್ಟಿಯಲ್ಲಿತ್ತು. ನಾನು ರಸ್ತೆ ಬರೆಸಿದೆ. ಆ ಒಂಬತ್ತು ಮನೆಯ ಓಟು ಎಷ್ಟು ಅಂತ ಎಣಿಸಿದ್ದೆ, ಕೂಸೇ. 26.

ಮುಂದಿನ ಆಷಾಢದಲ್ಲಿ ಶಾಲೆಗೆ ಹೊರಟ ಹುಡುಗಿ ದಬ್ಬೆ ಮೇಲೆ ಜಾರಿದಳು. ಕೆಳಗೆ ಮರದ ಬೇರಿಗೆ ಸಿಕ್ಕಿಕೊಂಡು ಬದುಕಿದಳು. ಮುರಿದ ಕಾಲು ಸರಿಯಾಗಿ ಕೂಡಲಿಲ್ಲ, ಶಾಲೆ ಅಲ್ಲಿಗೇ ನಿಂತಿತು. ಚಪ್ಪಲಿ ಕೈಯಲ್ಲಿ ಹಿಡಿದು ಅದೇ ದಬ್ಬೆ ದಾಟಿ ನಾನು ಅವರ ಮನೆಗೆ ಹೋದೆ. ಒಲೆಯ ಮೇಲೆ ಹಗ್ಗ ಕಟ್ಟಿ ಅವಳ ನೋಟ್‌ಬುಕ್ಕಿನ ಹಾಳೆಗಳನ್ನ ಒಂದೊಂದೇ ಒಣಹಾಕಿದ್ದರು. ಶಾಯಿ ಇಳಿದು ಅಕ್ಷರವೆಲ್ಲ ನೀಲಿ ಕಲೆ. ತಾಯಿ ಬೈತಾಳೆ ಅಂದುಕೊಂಡಿದ್ದೆ. ಬೆಲ್ಲದ ಕಷಾಯ ಕೊಟ್ಟು, "ಬರೋವಾಗ ಜಾರ್ಲಿಲ್ವಲ್ಲ, ಒಡೆಯಾ?" ಅಂದಳು.

ಅಷ್ಟೇ. ಬೈದಿದ್ದರೆ ಇವತ್ತಿಗೂ ರಾಜಕೀಯದಲ್ಲೇ ಇರ್ತಿದ್ದೆನೋ ಏನೋ. ಆ ಕಷಾಯದ ಲೋಟ ಈಗಲೂ ಕಣ್ಣಿಗೆ ಕಟ್ಟಿದೆ, ಅಂಚು ಸ್ವಲ್ಪ ನೆಗ್ಗಿದ ಹಿತ್ತಾಳೆ ಲೋಟ. ಹಾಳೆಗಳಿಂದ ಒಂದು ಹನಿ ಅದರೊಳಗೆ ಬಿತ್ತು. ಕುಡಿದೆ.

1992ರಲ್ಲಿ ಪರಿಷತ್ತಿನ ಅವಧಿ ಮುಗಿಯಿತು, ಮತ್ತೆ ಜಿಲ್ಲಾ ಚುನಾವಣೆ ಆದದ್ದು 1995ರಲ್ಲಿ. ಅದಕ್ಕೇ ಬಿಟ್ಟೆ ಅಂತ ಎಲ್ಲರಿಗೂ ಹೇಳಿದೆ, ನಿನಗೂ ಹೇಳಿದೆ. ಆಮೇಲೆ ಧಾರವಾಡ, ಪಿಎಚ್‌ಡಿ, ವಿಶ್ವವಿದ್ಯಾಲಯದ ಮೇಷ್ಟ್ರ ಕೆಲಸ, ಪ್ರೊಫೆಸರ್ ಅನ್ನೋ ಬೋರ್ಡು. ಪಂಚಾಯ್ತಿಗಳಿಗೆ ಸಂವಿಧಾನದ ಮಾನ್ಯತೆ ಕೊಟ್ಟ 73ನೇ ತಿದ್ದುಪಡಿಯನ್ನ ಎಷ್ಟು ಬ್ಯಾಚಿಗೆ ಪಾಠ ಮಾಡಿದೆನೋ. 26 ಓಟಿನ ಲೆಕ್ಕ ಮಾತ್ರ ಯಾವ ಕ್ಲಾಸಿನಲ್ಲೂ ಹೇಳಲಿಲ್ಲ.

ಗೆದ್ದರೆ ಎಸ್ಟಿಮೇಟ್ ನೀನೇ ಓದು. ಕೆಲಸ ಮುಗಿದಿದೆ ಅಂದರೆ ಹೋಗಿ ನೋಡು, ಅದೂ ಮಳೆಯಲ್ಲಿ. ಗ್ರಾಮಸಭೆಯಲ್ಲಿ ಹಿಂದೆ ಕೂತ ಹೆಂಗಸರು ಬಾಯಿ ಬಿಡೋವರೆಗೆ ಠರಾವು ಬರೆಸಬೇಡ. ನಮ್ಮ ಕಾಲದಲ್ಲಿ ಹೆಂಗಸರಿಗೆ ಕಾಲುಭಾಗ ಸೀಟು, ಈಗ ಅರ್ಧ. ಆದರೂ ಹೆಂಡತಿ ಗೆದ್ದ ಕಡೆ ಗಂಡ ಬಂದು ಕುರ್ಚಿ ಹಿಡಿಯೋದು ಹೋಗಿಲ್ಲ, ಅಲ್ವಾ? ಮತ್ತೆ ಗೌರವಧನ ಪೆಟ್ರೋಲಿಗೂ ಸಾಲಲ್ಲ, ಪಿಎಫ್ ದುಡ್ಡು ಮುಟ್ಟಬೇಡ... ನೋಡು, ಕ್ಲಾಸು ಶುರುವಾಯ್ತು. ಕ್ಷಮಿಸು.

ಆಯಿಗೆ ಹೇಳಬೇಡ, ಮತಪತ್ರದಲ್ಲಿ ನಿನ್ನ ಹೆಸರು ನೋಡೋ ಆಸೆ ನನಗೂ ಇದೆ.

ಈಗ ಅಲ್ಲಿ ಕಾಂಕ್ರೀಟ್ ಸಂಕ ಆಗಿದೆಯಂತೆ. ಮಾಡಿಸಿದ್ದು ನಾನಲ್ಲ. ಆ ಕೇರಿ ನಿನ್ನ ವಾರ್ಡಿಗೇ ಬರುತ್ತೆ. ಪ್ರಚಾರಕ್ಕೆ ಜತೆಗೆ ಬರ್ತೇನೆ, ಕರಪತ್ರ ಹಂಚ್ತೇನೆ. ಅಲ್ಲಿಗೆ ಮಾತ್ರ ನೀನೊಬ್ಬಳೇ ಹೋಗಿ ಬಾ. ನಾನು ಸಂಕದ ಈಚೆ ನಿಂತಿರ್ತೇನೆ.

ಅಪ್ಪ