ಮಾರ್ಪಡಿಸಿದ ಕಾರಿನಲ್ಲಿ ಅಗ್ನಿನಂದಕ ಕೈಗೆಟುಕುವಂತಿರಲಿ

ಸಂಪಾದಕರಿಗೆ,

ಮಾನ್ಯರೇ,

ದಾವಣಗೆರೆಯ ಪಿ.ಬಿ. ರಸ್ತೆ, ಹದಡಿ ರಸ್ತೆಗಳಲ್ಲಿ ಸಂಜೆಯ ಹೊತ್ತು ಓಡಾಡುವ ಕಾರುಗಳನ್ನು ಗಮನಿಸಿದರೆ, ಕಂಪನಿಯಿಂದ ಬಂದ ಸ್ಥಿತಿಯಲ್ಲೇ ಉಳಿಯದ ಎಷ್ಟೋ ಕಾರುಗಳು ಕಣ್ಣಿಗೆ ಬೀಳುತ್ತವೆ. ಹೆಡ್‌ಲೈಟ್ ಬದಲಾಗಿರುತ್ತದೆ, ಮುಂದಿನ ಬಂಪರಿಗೆ ಹೆಚ್ಚುವರಿ ದೀಪಗಳು ಬಂದಿರುತ್ತವೆ, ಡಿಕ್ಕಿಯ ತುಂಬ ಸಬ್‌ವೂಫರ್ ಎಂಬ ದೊಡ್ಡ ಸ್ಪೀಕರ್ ಕುಳಿತಿರುತ್ತದೆ, ಸಸ್ಪೆನ್ಷನ್ ತಗ್ಗಿಸಿ ಕಾರನ್ನು ನೆಲಕ್ಕೆ ಹತ್ತಿರ ತಂದಿರುತ್ತಾರೆ, ಡೀಸೆಲ್ ಕಾರಾದರೆ ಎಂಜಿನ್ ರೀಮ್ಯಾಪ್ ಆಗಿರುತ್ತದೆ, ಅಂದರೆ ಹೆಚ್ಚು ಶಕ್ತಿಗಾಗಿ ಎಂಜಿನ್ನಿನ ಕಂಪ್ಯೂಟರಿನ ಪ್ರೋಗ್ರಾಮನ್ನೇ ಬದಲಿಸಿರುತ್ತಾರೆ. ಇಷ್ಟೆಲ್ಲ ಮಾಡಿಸಲು ಹಿಂದೆಮುಂದೆ ನೋಡದೆ ಖರ್ಚು ಮಾಡುವ ನಮ್ಮ ಹುಡುಗರ ಕಾರಿನಲ್ಲಿ, ಸುಮಾರು ಸಾವಿರದಿಂದ ಒಂದೂವರೆ ಸಾವಿರ ರೂಪಾಯಿಗೆ ಸಿಗುವ ಒಂದು ಅಗ್ನಿನಂದಕ ಮಾತ್ರ ಕಾಣಸಿಗುವುದು ಅಪರೂಪ. ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ವೃತ್ತಿ ಕಲಿಸಿ ನಿವೃತ್ತನಾದ ನನ್ನ ಶಿಷ್ಯರಲ್ಲಿ ಹಲವರು ಇಂದು ಆಟೊ ಎಲೆಕ್ಟ್ರಿಷಿಯನ್‌ಗಳಾಗಿದ್ದಾರೆ. ಅವರ ಗ್ಯಾರೇಜುಗಳಲ್ಲಿ ಕುಳಿತು ನೋಡಿದ್ದನ್ನು ತಮ್ಮ ಪತ್ರಿಕೆಯ ಮೂಲಕ ಕಾರು ಮಾಲೀಕರ ಮುಂದಿಡಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ಮೊದಲಿಗೆ ಕಾನೂನಿನ ಮಾತನ್ನು ಹೇಳಿಬಿಡುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಬದಲಾಯಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಸ್ಪಷ್ಟಪಡಿಸಿತು. ಅದೇ ವರ್ಷದ ತಿದ್ದುಪಡಿಯು ಇಂಥ ಪ್ರತಿಯೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸವನ್ನು ಗೊತ್ತುಪಡಿಸಿತು. ಕಾನೂನು ಒಪ್ಪದ ಬದಲಾವಣೆಗಳನ್ನು ಯಾರೂ ಮಾಡಿಸಬಾರದು ಎಂಬುದೇ ನನ್ನ ಅಭಿಪ್ರಾಯ. ಆದರೆ ಈಗಾಗಲೇ ಮಾಡಿಸಿಕೊಂಡವರು ಸಾವಿರಾರು ಜನ ರಸ್ತೆಯಲ್ಲಿದ್ದಾರೆ, ಅವರ ಕಾರಿನಲ್ಲಿ ಹೆಂಡತಿ ಮಕ್ಕಳೂ ಕುಳಿತಿರುತ್ತಾರೆ. ಸ್ಟೀರಿಯೊ, ಹಾರ್ನ್, ಫಾಗ್ ಲ್ಯಾಂಪುಗಳಂಥ ಚಿಕ್ಕ ಕೆಲಸಗಳನ್ನಂತೂ ಯಾರೂ ಮಾರ್ಪಾಡೆಂದು ಎಣಿಸುವುದೇ ಇಲ್ಲ. ನನ್ನ ಅನುಭವದಲ್ಲಿ ಬೆಂಕಿಯ ಮೂಲ ಹೆಚ್ಚಾಗಿ ಅಲ್ಲಿಯೇ ಇರುತ್ತದೆ.

ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಸಾಮಾನ್ಯ ಹ್ಯಾಲೊಜೆನ್ ಹೆಡ್‌ಲೈಟಿನ ಬಲ್ಬು ಹೈ ಬೀಮಿನಲ್ಲಿ 60 ವ್ಯಾಟ್‌ನದು. ಎರಡೂ ಉರಿದಾಗ 12 ವೋಲ್ಟಿನ ವೈರಿಂಗ್‌ನಲ್ಲಿ ಹರಿಯುವ ಕರೆಂಟು 10 ಆಂಪಿಯರ್. ಅದೇ ಹೋಲ್ಡರಿಗೆ 100 ವ್ಯಾಟ್‌ನ ಬಲ್ಬು ಹಾಕಿದರೆ ಕರೆಂಟು 16 ಆಂಪಿಯರ್ ದಾಟುತ್ತದೆ. ಏರಿಕೆ ಒಂದೂವರೆ ಪಟ್ಟಿನ ಆಸುಪಾಸಿನದು ಎಂದು ಯಾರೂ ಹಗುರವಾಗಿ ಎಣಿಸಬಾರದು. ತಂತಿಯಲ್ಲಿ ಹುಟ್ಟುವ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಅದೇ ತೆಳು ತಂತಿ ಈಗ ಹೆಚ್ಚುಕಡಿಮೆ ಮೂರು ಪಟ್ಟು ಬಿಸಿಯನ್ನು ತಡೆದುಕೊಳ್ಳಬೇಕಾಗುತ್ತದೆ. ಬ್ಯಾಟರಿಯಿಂದ ಪ್ರತ್ಯೇಕ ದಪ್ಪ ತಂತಿ ಎಳೆದು, ನಡುವೆ ರಿಲೇ (ಹೆಚ್ಚು ಕರೆಂಟು ತಡೆಯಬಲ್ಲ ವಿದ್ಯುತ್ ಚಾಲಿತ ಸ್ವಿಚ್) ಮತ್ತು ಫ್ಯೂಸ್ ಕೊಟ್ಟು ಈ ಕೆಲಸ ಮಾಡುವವರೂ ನಮ್ಮಲ್ಲಿದ್ದಾರೆ. ಆದರೆ ಗಿರಾಕಿಗೆ ಅರ್ಧ ಗಂಟೆಯಲ್ಲಿ ಗಾಡಿ ಬೇಕು, ಇನ್ನೂರು ರೂಪಾಯಿ ಉಳಿಯಬೇಕು ಎಂದಾದಾಗ ಹಳೆಯ ತಂತಿಯ ಸಿಪ್ಪೆ ಸುಲಿದು, ಹೊಸ ತಂತಿಯನ್ನು ಅದಕ್ಕೆ ತಿರುಚಿ, ಮೇಲೆ ಇನ್ಸುಲೇಷನ್ ಟೇಪ್ ಸುತ್ತಿ ಕಳಿಸುವುದೇ ನಡೆಯುತ್ತದೆ. ಬಯಲುಸೀಮೆಯ ಬೇಸಿಗೆಯಲ್ಲಿ, ಎಂಜಿನ್ನಿನ ಶಾಖದಲ್ಲಿ ಆ ಟೇಪಿನ ಅಂಟು ಕರಗಿ ಸುರುಳಿ ಬಿಚ್ಚಿಕೊಳ್ಳುತ್ತದೆ. ಫ್ಯೂಸ್ ಮೇಲಿಂದ ಮೇಲೆ ಹೋಗುತ್ತಿದೆ ಎಂದು ದೂರಿದವರಿಗೆ 10 ಆಂಪಿಯರಿನ ಜಾಗದಲ್ಲಿ 30 ಆಂಪಿಯರಿನ ಫ್ಯೂಸ್ ಹಾಕಿಕೊಟ್ಟದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹೀಗೆ ಮಾಡಿದ ಮೇಲೆ ಫ್ಯೂಸ್ ಹೋಗುವ ಮೊದಲೇ ತಂತಿ ಹೊತ್ತಿಕೊಳ್ಳುತ್ತದೆ.

ಸಬ್‌ವೂಫರಿನ ಸದ್ದು ಹೆಚ್ಚಿಸುವ ಆಂಪ್ಲಿಫೈಯರಿನ ಕತೆ ಇದಕ್ಕಿಂತ ಗಂಭೀರ. ಬ್ಯಾಟರಿಯಿಂದ ಡಿಕ್ಕಿಯವರೆಗೆ ಎಳೆಯುವ ದಪ್ಪ ತಂತಿಗೆ ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೇ ಫ್ಯೂಸ್ ಇರಬೇಕೆಂಬುದು ಈ ಕೆಲಸದಲ್ಲಿ ಎಲ್ಲರೂ ಒಪ್ಪಿದ ಪದ್ಧತಿ. ಫ್ಯೂಸನ್ನು ಆಂಪ್ಲಿಫೈಯರಿನ ಪಕ್ಕದಲ್ಲಿ ಮಾತ್ರ ಕೊಟ್ಟರೆ, ತಂತಿ ಎಂಜಿನ್ ಗೋಡೆಯ ತೂತಿನ ತಗಡಿಗೆ ಉಜ್ಜಿ ಸಿಪ್ಪೆ ಹರಿದ ದಿನ ಬ್ಯಾಟರಿಯ ನೂರಾರು ಆಂಪಿಯರ್ ನೇರವಾಗಿ ಕಾರಿನ ಲೋಹದ ಮೈಗೆ ಹರಿಯುತ್ತದೆ, ಅದನ್ನು ತಡೆಯಲು ನಡುವೆ ಯಾವ ಫ್ಯೂಸೂ ಇರುವುದಿಲ್ಲ. ಆ ತೂತಿಗೆ ಒಂದು ರಬ್ಬರ್ ಬುಷ್ ಹಾಕಿಸಿಕೊಳ್ಳಿ ಎಂದು ಮಾಲೀಕರಲ್ಲಿ ನನ್ನ ಕಳಕಳಿಯ ವಿನಂತಿ.

ಡೀಸೆಲ್ ಕಾರು ಇಟ್ಟುಕೊಂಡವರಲ್ಲಿ ಒಂದು ತಪ್ಪು ನಂಬಿಕೆ ಬೇರೂರಿದೆ: ಡೀಸೆಲ್ ಅಷ್ಟು ಸುಲಭವಾಗಿ ಹೊತ್ತುವುದಿಲ್ಲವಂತೆ. ಕಡ್ಡಿ ಗೀರಿದಾಗ ಪೆಟ್ರೋಲಿನಷ್ಟು ಬೇಗ ಹೊತ್ತುವುದಿಲ್ಲವೆಂಬುದು ನಿಜ. ಆದರೆ ಕಿಡಿಯಿಲ್ಲದೆ, ಬರೀ ಬಿಸಿಯಿಂದ ತಾನಾಗಿಯೇ ಹೊತ್ತಿಕೊಳ್ಳುವ ಉಷ್ಣತೆ ಡೀಸೆಲ್‌ಗೆ ಪೆಟ್ರೋಲಿಗಿಂತ ಕಡಿಮೆ, ಸುಮಾರು 210 ಡಿಗ್ರಿ ಸೆಲ್ಸಿಯಸ್‌ನಷ್ಟು. ರೀಮ್ಯಾಪ್ ಮಾಡಿದ ಎಂಜಿನ್ನನ್ನು ಹೆದ್ದಾರಿಯಲ್ಲಿ ಜೋರಾಗಿ ಓಡಿಸುವಾಗ ಎಂಜಿನ್ನಿಗೆ ಹೆಚ್ಚು ಗಾಳಿ ತಳ್ಳುವ ಟರ್ಬೊದ ಮೈ ಇದಕ್ಕಿಂತ ಬಹಳ ಹೆಚ್ಚು ಕಾದಿರುತ್ತದೆ. ಸಡಿಲವಾದ ಪೈಪಿನಿಂದ ಡೀಸೆಲ್ ಅದರ ಮೇಲೆ ಚಿಮ್ಮಿದರೆ ಸಾಕು.

ನಮ್ಮ ಸೀಮೆಗೇ ವಿಶೇಷವಾದ ಇನ್ನೊಂದು ಅಪಾಯವಿದೆ. ಜಗಳೂರು, ಚಳ್ಳಕೆರೆ, ಹೊಸದುರ್ಗ ಕಡೆಯ ರಸ್ತೆಗಳಲ್ಲಿ ಸುಗ್ಗಿಯ ಕಾಲಕ್ಕೆ ಹುರುಳಿ, ರಾಗಿ, ತೊಗರಿಯನ್ನು ಡಾಂಬರಿನ ಮೇಲೆ ಹರಡಿ ವಾಹನಗಳಿಂದಲೇ ಒಕ್ಕಣೆ ಮಾಡಿಸುವುದು ಎಲ್ಲರಿಗೂ ಗೊತ್ತು. ಕಣ ಮಾಡಲು ಜಾಗವಿಲ್ಲದ, ಆಳು ಸಿಗದ ರೈತರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಹುರುಳಿ ಬಳ್ಳಿ ಕಾರಿನ ತಳದಲ್ಲಿ ಸುತ್ತಿಕೊಂಡು, ಕಾದ ಸೈಲೆನ್ಸರಿಗೆ ತಾಗಿ ಹೊತ್ತಿಕೊಂಡ ಘಟನೆಗಳು ಈ ಭಾಗದಲ್ಲಿ ಮತ್ತೆ ಮತ್ತೆ ನಡೆದಿವೆ. ಎತ್ತರದ ಜೀಪು ದಾಟಿಹೋಗುವ ಹೊಟ್ಟಿನ ರಾಶಿಯನ್ನು, ತಗ್ಗಿಸಿದ ಕಾರು ಬಾಚಿಕೊಂಡು ಹೋಗುತ್ತದೆ. ಕಂಪನಿಯವರು ಸೈಲೆನ್ಸರಿಗೆ ಕೊಟ್ಟಿದ್ದ ಶಾಖ ತಡೆಯುವ ತಗಡನ್ನು ಹೊಸ ಪೈಪ್ ಕೂರಿಸುವಾಗ ಕಿತ್ತೆಸೆದಿದ್ದರೆ ಅಪಾಯ ಇನ್ನೂ ಹೆಚ್ಚು. ಅಂಥ ರಸ್ತೆ ದಾಟಿದ ಮೇಲೆ ನಿಲ್ಲಿಸಿ ಕಾರಿನ ಕೆಳಗೊಮ್ಮೆ ಬಗ್ಗಿ ನೋಡುವ ಅಭ್ಯಾಸ ಎಲ್ಲ ಚಾಲಕರಿಗೂ ಬರಬೇಕು. ಆದರೆ ನಿಲ್ಲಿಸುವಾಗ ಒಣಹುಲ್ಲಿನ ಮೇಲೆ ನಿಲ್ಲಿಸಬಾರದು.

ಬೆಂಕಿ ಹೊತ್ತಿದ ಮೇಲೆ ಸಿಗುವ ಸಮಯ ಬಹಳ ಕಡಿಮೆ. 2020ರ ಆಗಸ್ಟ್‌ನಲ್ಲಿ ಹಿರಿಯೂರು ಬಳಿ ಹೆದ್ದಾರಿಯಲ್ಲಿ ಖಾಸಗಿ ಬಸ್ಸೊಂದು ಹೊತ್ತಿ ಉರಿದು ಮಕ್ಕಳೂ ಸೇರಿದಂತೆ ಐವರು ತೀರಿಕೊಂಡದ್ದನ್ನು ಈ ಭಾಗದ ಜನ ಮರೆತಿಲ್ಲ. ಚಿತ್ರದುರ್ಗ–ದಾವಣಗೆರೆ ನಡುವೆ ಎಲ್ಲೋ ಒಂದು ಕಡೆ ನಿಂತ ಕಾರಿನಿಂದ 101 ಅಥವಾ 112ಕ್ಕೆ ಕರೆ ಮಾಡಿದರೆ ಅಗ್ನಿಶಾಮಕ ದಳದವರು ಕೂಡಲೇ ಹೊರಟರೂ ದಾರಿ ಸವೆಸಲು ಅವರಿಗೆ ಸಮಯ ಬೇಕೇ ಬೇಕು. ಬಸ್ಸುಗಳಲ್ಲಿ ಅಗ್ನಿನಂದಕ ಕಡ್ಡಾಯವಾಗಿದೆ. ಖಾಸಗಿ ಕಾರಿನೊಂದಿಗೆ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ತ್ರಿಕೋನ ಫಲಕಗಳು ಬರುತ್ತವೆ, ಅಗ್ನಿನಂದಕ ಸಾಮಾನ್ಯವಾಗಿ ಬರುವುದಿಲ್ಲ. ಅದನ್ನು ನಾವೇ ಕೊಳ್ಳಬೇಕು.

ಕೊಳ್ಳುವಾಗ ಎಬಿಸಿ ಪುಡಿಯ ಅಗ್ನಿನಂದಕವನ್ನೇ ಕೇಳಿ ಪಡೆಯಬೇಕು. ಸೀಟಿನ ಬಟ್ಟೆ, ಇಂಧನ, ಗ್ಯಾಸ್ ಈ ಮೂರೂ ಬಗೆಯ ಬೆಂಕಿಗೆ ಅದು ಒದಗುತ್ತದೆ, ಕಾರಿನ 12 ವೋಲ್ಟ್ ವೈರಿಂಗ್ ಮೇಲೆ ಸಿಂಪಡಿಸಿದರೂ ಶಾಕ್ ಹೊಡೆಯುವ ಭಯವಿಲ್ಲ. ಐಎಸ್ 15683 ಸಂಖ್ಯೆಯೊಡನೆ ಐಎಸ್‌ಐ ಮುದ್ರೆ ಇದೆಯೇ, ಪುಡಿಯಲ್ಲಿ ಬೆಂಕಿ ಆರಿಸುವ ಮುಖ್ಯ ರಾಸಾಯನಿಕವಾದ ಮೋನೋ ಅಮೋನಿಯಂ ಫಾಸ್ಫೇಟ್ ಶೇ 50 ಇದೆಯೇ, 90 ಇದೆಯೇ ಎಂದು ಲೇಬಲ್ ನೋಡಿ ಕೊಳ್ಳಿ; 90 ಇರುವುದು ಉತ್ತಮ. ಅಂಗೈಯಲ್ಲಿ ಹಿಡಿಸುವ ಅರ್ಧ ಕಿಲೋದ ಸ್ಪ್ರೇ ಡಬ್ಬಿಗಳನ್ನು ನಾನು ನೆಚ್ಚುವುದಿಲ್ಲ. ಸಾಮಾನ್ಯ ಕಾರಿಗೆ 1 ಕಿಲೋ ಕನಿಷ್ಠ, ಎಂಜಿನ್ ಅಥವಾ ಇಂಧನದ ಪೈಪುಗಳಿಗೆ ಕೈ ಹಾಕಿಸಿದವರಿಗೆ 2 ಕಿಲೋ. ಚಿಕ್ಕಮಗಳೂರಿನಂಥ ಕಡೆ ನಡೆಯುವ ರ‍್ಯಾಲಿಗಳ ಕಾರುಗಳಿಗೆ ಅಂತರರಾಷ್ಟ್ರೀಯ ನಿಯಮ ಕೇಳುವ ಕನಿಷ್ಠ ಪುಡಿಯೂ 2 ಕಿಲೋವೇ. ಆ ಕಾರುಗಳ ಬಣ್ಣ, ಸದ್ದು, ಚಕ್ರಗಳನ್ನು ಅನುಕರಿಸುವ ನಮ್ಮ ಯುವಕರು ಈ ಒಂದನ್ನೂ ಅನುಕರಿಸಲಿ ಎಂಬುದು ನನ್ನ ಆಸೆ.

ಎಲ್ಲಿ ಕೂರಿಸಬೇಕೆಂಬುದು ಅಷ್ಟೇ ಮುಖ್ಯ. ಕೆಲವು ವರ್ಷಗಳ ಹಿಂದೆ ಭರಮಸಾಗರದ ಈಚೆ ಹೆದ್ದಾರಿ ಬದಿಯಲ್ಲಿ ಬಾನೆಟ್ಟಿನಿಂದ ಹೊಗೆ ಬರುತ್ತಿದ್ದ ಕಾರೊಂದರ ಬಳಿ ನಾನು ಇಳಿದು ಓಡಿದ್ದೆ. ಆ ಕಾರಿನಲ್ಲಿ ಅಗ್ನಿನಂದಕ ಇತ್ತು, ಡಿಕ್ಕಿಯಲ್ಲಿ, ಸಬ್‌ವೂಫರ್ ಪೆಟ್ಟಿಗೆಯ ಹಿಂದೆ. ಮಾಲೀಕ ಪೆಟ್ಟಿಗೆಯನ್ನು ಎಳೆಯುತ್ತಿರುವಾಗಲೇ ಜೊತೆಯಲ್ಲಿದ್ದವರು ಗಾಬರಿಯಿಂದ ಬಾನೆಟ್ ಪೂರ್ತಿ ಎತ್ತಿಬಿಟ್ಟರು, ಗಾಳಿ ಸಿಕ್ಕ ಬೆಂಕಿ ಒಮ್ಮೆಲೇ ಮೇಲೆದ್ದಿತು. ಯಾರಿಗೂ ಗಾಯವಾಗಲಿಲ್ಲ, ಕಾರು ಉಳಿಯಲಿಲ್ಲ. ಆದ್ದರಿಂದ ಸೀಟ್ ಬೆಲ್ಟ್ ಬಿಚ್ಚದೆಯೇ ಚಾಲಕನ ಕೈಗೆಟುಕುವ ಜಾಗ, ಅಂದರೆ ಮುಂದಿನ ಸೀಟಿನ ಕೆಳಭಾಗದ ಮುಂಬದಿ, ಅತ್ಯಂತ ಸೂಕ್ತ. ಬರೀ ಇಟ್ಟರೆ ಸಾಲದು, ನೆಲದ ತಗಡಿಗೆ ಬೋಲ್ಟ್ ಹಾಕಿ ಲೋಹದ ಪಟ್ಟಿಯಿಂದ ಬಿಗಿಯಬೇಕು. ಬಿಡಿಯಾಗಿ ಉರುಳಿ ಬ್ರೇಕ್ ಪೆಡಲಿನ ಕೆಳಗೆ ಸಿಕ್ಕಿಕೊಂಡರೆ ಅದೇ ಅಪಘಾತಕ್ಕೆ ಕಾರಣವಾಗುತ್ತದೆ. ರ‍್ಯಾಲಿ ಕಾರುಗಳ ನಿಯಮದಂತೆ ಈ ಬಿಗಿತ ಗುರುತ್ವಬಲದ 25 ಪಟ್ಟು ಎಳೆತವನ್ನು ತಡೆಯಬೇಕು. ಸಿಲಿಂಡರ್ ಸಮೇತ 2 ಕಿಲೋ ತೂಗುವ ಅಗ್ನಿನಂದಕ ಅಪಘಾತದ ಹೊಡೆತಕ್ಕೆ ಒಂದು ಮೂಟೆ ಸಿಮೆಂಟಿನಷ್ಟು ಭಾರವಾಗಿ ಎಗರಿಬರುತ್ತದೆ ಎಂದು ಇದರ ಅರ್ಥ. ಪ್ಲಾಸ್ಟಿಕ್ ಕ್ಲಿಪ್ಪು, ವೆಲ್ಕ್ರೋ ಪಟ್ಟಿಗಳನ್ನು ನಂಬಬೇಡಿ. ಹಿಂದಿನ ಗಾಜಿನ ಕೆಳಗಿನ ಹಲಗೆಯ ಮೇಲಂತೂ ಇಡಲೇಬಾರದು. ಏಪ್ರಿಲ್ ತಿಂಗಳ ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಗಾಜಿನ ಬುಡದ ಉಷ್ಣತೆ ಸಿಲಿಂಡರಿನ ಮೇಲೆ ಬರೆದಿರುವ ಮಿತಿಯನ್ನು ಮೀರಬಲ್ಲದು.

ತಿಂಗಳಿಗೊಮ್ಮೆ ಗೇಜಿನ ಮುಳ್ಳು ಹಸಿರು ಪಟ್ಟಿಯಲ್ಲಿದೆಯೇ ನೋಡಿ, ಸಿಲಿಂಡರನ್ನು ತಲೆಕೆಳಗು ಮಾಡಿ ಅಲುಗಾಡಿಸಿ. ರಸ್ತೆಯ ಕುಲುಕಾಟಕ್ಕೆ ಪುಡಿ ತಳದಲ್ಲಿ ಗಟ್ಟಿಯಾಗಿ ಕೂತಿದ್ದರೆ ಒತ್ತಡ ಸರಿಯಿದ್ದರೂ ಪುಡಿ ಹೊರಬರುವುದಿಲ್ಲ.

ಬಳಸುವ ಕ್ರಮವನ್ನು ಮನೆಯವರೆಲ್ಲರಿಗೂ ಹೇಳಿಕೊಟ್ಟಿರಬೇಕು. ಹೊಗೆ ಅಥವಾ ಸುಟ್ಟ ವಾಸನೆ ಬಂದ ಕೂಡಲೇ ಗಾಡಿ ಬದಿಗೆ ತಂದು, ಇಗ್ನಿಷನ್ ಆಫ್ ಮಾಡಿ, ಎಲ್ಲರನ್ನೂ ಇಳಿಸಿ ದೂರ ಕಳಿಸುವುದು ಮೊದಲ ಕೆಲಸ. ಬೆಂಕಿ ಬಾನೆಟ್ಟಿನೊಳಗಿದ್ದರೆ ಒಳಗಿನ ಲಿವರ್ ಎಳೆದು ಬಾನೆಟ್ಟನ್ನು ಬೆರಳಗಲ ಮಾತ್ರ ಸಡಿಲಿಸಿ, ಆ ಸಂದಿಯಿಂದ ಪುಡಿಯನ್ನು ಬಿಡಬೇಕು. ಪಿನ್ನು ಎಳೆದು, ಗಾಳಿ ಬೀಸಿಬರುವ ಕಡೆಗೆ ಬೆನ್ನು ಮಾಡಿ ನಿಂತು, ಜ್ವಾಲೆಯ ತುದಿಗಲ್ಲದೆ ಬುಡಕ್ಕೆ ಹಾಯಿಸಬೇಕು. 1 ಕಿಲೋದ ಸಿಲಿಂಡರ್ ಎಂಟು ಹತ್ತು ಸೆಕೆಂಡಿನಲ್ಲಿ ಬರಿದಾಗುತ್ತದೆ, ಹಾಗಾಗಿ ದೂರದಿಂದಲೇ ಒತ್ತಿ ವ್ಯರ್ಥ ಮಾಡುವಂತಿಲ್ಲ. ಪುಡಿ ಜ್ವಾಲೆಯನ್ನು ಅಡಗಿಸುತ್ತದೆಯೇ ಹೊರತು ಕಾದ ಲೋಹವನ್ನು ತಣಿಸುವುದಿಲ್ಲ. ವೈರಿಂಗಿನ ಬೆಂಕಿಯಾದರೆ ಬ್ಯಾಟರಿ ಕಳಚುವವರೆಗೂ ಮತ್ತೆ ಹೊತ್ತಿಕೊಳ್ಳುವ ಸಂಭವವಿದೆ. ಬಹಳಷ್ಟು ಕಾರುಗಳ ಬ್ಯಾಟರಿ ಟರ್ಮಿನಲ್‌ಗೆ 10 ನಂಬರಿನ ಸ್ಪ್ಯಾನರ್ ಸಾಕು. ಅದನ್ನು ಅಗ್ನಿನಂದಕದ ಪಕ್ಕದಲ್ಲೇ ಕಟ್ಟಿಡಿ. ದೊಡ್ಡ ಆಂಪ್ಲಿಫೈಯರ್ ಹಾಕಿಸಿದವರು ಬ್ಯಾಟರಿಗೆ ಕಟ್-ಆಫ್ ಸ್ವಿಚ್ ಹಾಕಿಸುವುದು ಇನ್ನೂ ಒಳ್ಳೆಯದು.

ಒಂದು ಸಿಲಿಂಡರ್ ಮುಗಿದರೂ ಬೆಂಕಿ ಆರದಿದ್ದರೆ ಕಾರನ್ನು ಬಿಟ್ಟು ದೂರ ಸರಿಯಲೇಬೇಕು. ಕಾರಿನ ಬೆಲೆಗಾಗಿ ಯಾರೂ ಅಲ್ಲಿ ನಿಲ್ಲಬಾರದು. ಸಿಎನ್‌ಜಿ ಕಿಟ್ ಇರುವ ಕಾರಿನಲ್ಲಿ ಡಿಕ್ಕಿಯ ಸಿಲಿಂಡರಿನತ್ತ ಜ್ವಾಲೆ ತಿರುಗಿದೆ ಎಂದು ಕಂಡರೆ ಪ್ರಯತ್ನವನ್ನೇ ಮಾಡದೆ ದೂರ ಓಡಬೇಕು. ಆ ಸಿಲಿಂಡರನ್ನು ಮೂರು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸುವುದು ಹೇಗೂ ಕಡ್ಡಾಯ. ಎಲೆಕ್ಟ್ರಿಕ್ ಕಾರಿನ ದೊಡ್ಡ ಬ್ಯಾಟರಿಗೆ ಹತ್ತಿದ ಬೆಂಕಿಗೂ ಪುಡಿ ಪರಿಹಾರವಲ್ಲ, ಅದಕ್ಕೆ ಅಗ್ನಿಶಾಮಕ ದಳದ ಧಾರಾಳ ನೀರೇ ಬೇಕು.

ಈ ವಿಷಯದಲ್ಲಿ ಗ್ಯಾರೇಜಿನವರ ಹೊಣೆ ಮಾಲೀಕರಷ್ಟೇ ದೊಡ್ಡದು. ಆಂಪ್ಲಿಫೈಯರ್, ಹೆಚ್ಚುವರಿ ದೀಪ, ಸೈಲೆನ್ಸರ್ ಕೂರಿಸುವ ಪ್ರತಿಯೊಬ್ಬರೂ ಬಿಲ್ಲಿನ ಜೊತೆಗೆ ಒಂದು ಅಗ್ನಿನಂದಕವನ್ನು ಬಿಗಿಯಾಗಿ ಕೂರಿಸಿ, ಬಳಸುವ ರೀತಿಯನ್ನು ಐದು ನಿಮಿಷ ಹೇಳಿಕೊಟ್ಟು ಕಳಿಸುವ ಪದ್ಧತಿ ತರಬೇಕೆಂದು ನನ್ನ ಶಿಷ್ಯರನ್ನೂ ಸೇರಿಸಿ ಎಲ್ಲರಲ್ಲಿ ಕೇಳಿಕೊಳ್ಳುತ್ತೇನೆ. 1944ರಲ್ಲಿ ಮುಂಬೈ ಬಂದರಿನ ಸ್ಫೋಟದಲ್ಲಿ ಮಡಿದ ಅಗ್ನಿಶಾಮಕ ಸಿಬ್ಬಂದಿಯ ನೆನಪಿಗೆ ಪ್ರತಿವರ್ಷ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. ಆ ವಾರದಲ್ಲಿ ಒಂದು ದಿನವನ್ನು ದಾವಣಗೆರೆ ಮತ್ತು ಚಿತ್ರದುರ್ಗದ ಗ್ಯಾರೇಜು ಕೆಲಸಗಾರರಿಗಾಗಿಯೇ ಮೀಸಲಿಟ್ಟು, ಗುಜರಿಗೆ ಹೋಗುವ ಕಾರೊಂದರ ಬಾನೆಟ್ಟಿನಲ್ಲಿ ಬೆಂಕಿ ಹೊತ್ತಿಸಿ, ಅವರ ಕೈಯಿಂದಲೇ ನಂದಿಸುವ ಅಭ್ಯಾಸ ಮಾಡಿಸಬೇಕೆಂದು ಎರಡೂ ಜಿಲ್ಲೆಗಳ ಅಗ್ನಿಶಾಮಕ ಅಧಿಕಾರಿಗಳಲ್ಲಿ ವಿನಂತಿಸುತ್ತೇನೆ. ಸಾರಿಗೆ ಇಲಾಖೆಯವರು ಮಾರ್ಪಡಿಸಿದ ಕಾರನ್ನು ತಡೆದಾಗ ದಂಡದ ರಸೀದಿ ಕೊಡುವ ಮುನ್ನ ಫ್ಯೂಸ್ ಪೆಟ್ಟಿಗೆಯನ್ನು ತೆರೆಸಿ ನೋಡಿ, ಅಪಾಯದ ವೈರಿಂಗನ್ನು ಮಾಲೀಕರಿಗೆ ಅಲ್ಲೇ ತೋರಿಸಿಕೊಡಬೇಕು.

ಇಂತಿ,
ನಿವೃತ್ತ ಐಟಿಐ ಬೋಧಕ,
ದಾವಣಗೆರೆ