ಎಲ್‌ಪಿ ರೆಕಾರ್ಡ್ ಒಟ್ಟು ಖರೀದಿ: ಗುರುವಾರ ರಾತ್ರಿಯೊಳಗೆ ತಿಳಿಸಿ

ಎಲ್ಲ ಸದಸ್ಯರಿಗೂ ನಮಸ್ಕಾರ.

ಸೋಲ್ ಮತ್ತು ಜಾಝ್ ಸಂಗೀತದ ಆಲ್ಬಂಗಳ ಮರುಮುದ್ರಣಗಳನ್ನು ಈ ಬಾರಿಯೂ ಬೆಂಗಳೂರಿನಿಂದ ಒಟ್ಟಾಗಿ ತರಿಸುತ್ತಿದ್ದೇವೆ. ಬೇಕಾದವರು ಗುರುವಾರ ರಾತ್ರಿ 9 ಗಂಟೆಯೊಳಗೆ ಆಲ್ಬಂ ಹೆಸರು, ಕಂಪನಿ ಮತ್ತು ಮರುಮುದ್ರಣದ ವರ್ಷವನ್ನು ಇಲ್ಲಿಯೇ ಬರೆಯಿರಿ. ಅರ್ಧ ಹಣ ಮುಂಗಡ, ಉಳಿದದ್ದು ರೆಕಾರ್ಡ್ ಕೈಸೇರಿದಾಗ.

ವರ್ಷವನ್ನು ದಯವಿಟ್ಟು ಬಿಡಬೇಡಿ. ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’ (1959) ಆಲ್ಬಂ ನೋಡಿ. ಮೊದಲ ಬದಿಯ ಮೂರು ಕೃತಿಗಳನ್ನು ಮುದ್ರಿಸಿಕೊಂಡ ಟೇಪ್ ಯಂತ್ರ ತುಸು ನಿಧಾನವಾಗಿ ಓಡಿತ್ತು. ಹೀಗಾಗಿ ಆ ಟೇಪನ್ನು ಸರಿಯಾದ ವೇಗದಲ್ಲಿ ಓಡಿಸಿ ತಯಾರಿಸಿದ ರೆಕಾರ್ಡ್‌ನಲ್ಲಿ ಅವುಗಳ ಶ್ರುತಿ ದಶಕಗಳ ಕಾಲ ಕೊಂಚ ಏರಿಯೇ ಕೇಳಿಸಿತು. ಅದನ್ನು ತಿದ್ದಿದ್ದು 1990ರ ದಶಕದಲ್ಲಿ. ಹಳೆಯ ಶ್ರುತಿ ಬೇಕೋ ತಿದ್ದಿದ್ದು ಬೇಕೋ, ಸ್ಪಷ್ಟವಾಗಿ ತಿಳಿಸಿ. ನನ್ನ ಮತ ತಿದ್ದಿದ್ದಕ್ಕೆ. ರೆಕಾರ್ಡ್‌ನ ಲಕೋಟೆಯ ಮೇಲೆ ತೂಕ 180 ಗ್ರಾಂ ಎಂದಿದ್ದ ಮಾತ್ರಕ್ಕೆ ಮರುಳಾಗಬೇಡಿ; ನಾದ ನಿಂತಿರುವುದು ಯಾವ ಟೇಪ್‌ನಿಂದ, ಎಷ್ಟು ಎಚ್ಚರದಿಂದ ಮುದ್ರಿಸಿದ್ದಾರೆ ಎಂಬುದರ ಮೇಲೆ.

ಪೆಟ್ಟಿಗೆ ಶನಿವಾರ ಬರುತ್ತದೆ. ಭಾನುವಾರ ಬೆಳಿಗ್ಗೆ 7ರಿಂದ 9ರೊಳಗೆ ಗಾಂಧಿನಗರದ ನಮ್ಮ ಮನೆಗೆ ಬನ್ನಿ. ಇಷ್ಟು ಬೇಗ ಕರೆಯುತ್ತಿರುವುದು ಬಳ್ಳಾರಿಯ ಬಿಸಿಲಿಗಾಗಿ. ನಿಲ್ಲಿಸಿದ ಕಾರಿನೊಳಗೆ ಬಿಟ್ಟ ವಿನೈಲ್ (ರೆಕಾರ್ಡ್‌ನ ಪ್ಲಾಸ್ಟಿಕ್) ಸೊಟ್ಟಗಾದರೆ ಮತ್ತೆ ನೆಟ್ಟಗಾಗುವುದು ಕಷ್ಟ. ಒಯ್ಯಲು ದಪ್ಪ ರಟ್ಟು ತನ್ನಿ. ಮನೆಯಲ್ಲಿ ಒಂದರ ಮೇಲೊಂದು ಪೇರಿಸದೆ, ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ. ಕೆಂಪು ಧೂಳಿನ ಊರು ನಮ್ಮದು, ಪ್ರತಿ ಬಾರಿ ನುಡಿಸುವ ಮುನ್ನ ಮೃದುವಾದ ಬ್ರಷ್ ಆಡಿಸಿ.

ಹೊಸಪೇಟೆ, ಸಿರುಗುಪ್ಪದ ಸದಸ್ಯರ ರೆಕಾರ್ಡ್‌ಗಳನ್ನು ಒಯ್ದು ಕೊಡಬಲ್ಲವರು ಯಾರಾದರೂ ಇದ್ದರೆ ತಿಳಿಸಿ. ಈ ಬಾರಿ ಬೇಡ ಎನ್ನುವವರೂ ‘ಬೇಡ’ ಎಂದು ಒಂದು ಸಾಲು ಬರೆಯಿರಿ, ಪಟ್ಟಿ ಬೇಗ ಮುಗಿಸಬಹುದು.