ಹಳೆಯ ಪಿಂಗಾಣಿಯನ್ನು ಸೂಜಿಯಿಂದ ಕೆದಕಬೇಡಿ

ಮಾನ್ಯ ಸಂಪಾದಕರೇ,

ಧಾರವಾಡದ ನಮ್ಮ ಪರಿಚಿತರ ಮನೆಯಲ್ಲಿ ಹಿರಿಯರಿಂದ ಬಂದ ಚೀನಾದ ಬಿಳಿ ಪಿಂಗಾಣಿ ಬಟ್ಟಲೊಂದಿದ್ದು, ಅದರ ಜಾಲರಿ ಕೆತ್ತನೆಯ ಕಂಡಿಗಳಲ್ಲಿ ಕೂತ ಧೂಳನ್ನು ಗುಂಡುಸೂಜಿಯಿಂದ ಕೆದಕುವುದನ್ನು ಕಂಡು ಈ ಪತ್ರ ಬರೆಯುತ್ತಿದ್ದೇನೆ. ಮಿಂಗ್ ಅರಸರ ಕೊನೆಗಾಲದಲ್ಲಿ, ಅಂದರೆ 17ನೇ ಶತಮಾನದ ಮೊದಲ ಭಾಗದಲ್ಲಿ, ಜಿಂಗ್‌ಡೆಝೆನ್ ಊರಿನ ಕುಶಲಕರ್ಮಿಗಳು ಮಣ್ಣು ಅರೆ ಒಣಗಿದ್ದಾಗಲೇ ಇಂತಹ ಒಂದೊಂದು ಕಂಡಿಯನ್ನೂ ಅಲಗಿನಿಂದ ಕೊರೆದು, ಬಳಿಕ ಸುಮಾರು 1,300 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಡುತ್ತಿದ್ದರು. ಮಣ್ಣು ಕುಗ್ಗುವ ಆ ಹೊತ್ತಿನಲ್ಲಿ ಕಡ್ಡಿಯಷ್ಟು ತೆಳುವಾದ ಜಾಲರಿ ಬಿರಿಯದೆ ಉಳಿದದ್ದೇ ದೊಡ್ಡದು. ಅದರ ಧೂಳು ತೆಗೆಯಲು ಮೆತ್ತನೆಯ ಒಣ ಕುಂಚ ಸಾಕು. ಈ ಶೈಲಿಯನ್ನು ನಂತರದವರೂ ಅನುಕರಿಸಿರುವುದರಿಂದ, ತಳದ ಮುದ್ರೆಯೊಂದನ್ನೇ ನಂಬಿ ಕಾಲ ನಿರ್ಧರಿಸುವುದು ಸರಿಯಲ್ಲ. ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ಸಂಶೋಧನ ಸಂಸ್ಥೆಯು ಮನೆಗಳಲ್ಲಿನ ಇಂತಹ ವಸ್ತುಗಳನ್ನು ವರ್ಷಕ್ಕೊಮ್ಮೆಯಾದರೂ ತಜ್ಞರಿಂದ ಪರಿಶೀಲಿಸಿ ತಿಳಿವಳಿಕೆ ನೀಡುವ ಏರ್ಪಾಟು ಮಾಡಬೇಕೆಂದು ವಿನಂತಿಸುತ್ತೇನೆ.

– ಓರ್ವ ಓದುಗ, ಧಾರವಾಡ